ಹೀಬ್ರೂ ಹೆಸರು ಬಿಡಿಸಲು ನಾನು ಹಿಡಿದ ದಾರಿ

ನಮ್ಮ ಸಭೆಯ ಯುವಕರ ಬೈಬಲ್ ತರಗತಿಗೆ ಹೆಸರುಗಳ ಪಾಠ ಮಾಡಬೇಕಾಗಿ ಬಂದಾಗ, ಮಕ್ಕಳ ಹೆಸರಿನ ಪುಸ್ತಕಗಳನ್ನೆಲ್ಲ ಬದಿಗಿಟ್ಟು ನೇರ ಹೀಬ್ರೂ ಪಾಠಕ್ಕೇ ಹೋದೆ. ಇರುವುದು 22 ಅಕ್ಷರ. ಕೂಡಿಸಿ ಓದಲು ಬಂದರೆ ಅರ್ಧ ಕೆಲಸ ಆದಂತೆಯೇ.

ಕನ್ನಡ ಬೈಬಲ್ ಓದುವವರಿಗೆ ಒಂದು ಅನುಕೂಲವಿದೆ. ಇಂಗ್ಲಿಷಿನ ಜಾನ್, ಜೊನಾಥನ್ ನಮ್ಮಲ್ಲಿ ಯೋಹಾನ, ಯೋನಾತಾನ. ಆ ‘ಯೋ’ ಯೆಹೋವ ಎಂಬ ಹೆಸರಿನ ಮೊಟಕು ರೂಪ. ಹೆಸರಿನ ಕೊನೆಗೆ ಬಂದರೆ ‘ಯಾಹು’ ಅಥವಾ ‘ಯಾ’. ನಾನು ಮೊದಲು ಈ ತುಂಡನ್ನು ಕಳಚುತ್ತೇನೆ. ಉಳಿಯುವುದು ಸಾಮಾನ್ಯವಾಗಿ ಮೂರಕ್ಷರದ ಧಾತು. ‘ನಾತಾನ್’ ಎಂದರೆ ಕೊಟ್ಟನು. ಯೋನಾತಾನ, ನೆತನ್ಯ ಎರಡೂ ‘ಯೆಹೋವನು ಕೊಟ್ಟನು’. ‘ಏಲ್’ ಎಂದರೆ ದೇವರು, ಹಾಗಾಗಿ ನೆತನೇಲ ‘ದೇವರು ಕೊಟ್ಟನು’. ಎಲ್ಲರೂ ನಮ್ಮ ದೇವದತ್ತನ ನೆಂಟರು ಎಂದರೆ ತರಗತಿಯಲ್ಲಿ ತಟ್ಟನೆ ಅರ್ಥವಾಗುತ್ತದೆ. ಎಲೀಯ, ಯೋವೇಲ ಇವೆರಡರಲ್ಲಂತೂ ಇರುವ ತುಂಡುಗಳು ಅವೇ, ಹಿಂದುಮುಂದಾಗಿವೆ ಅಷ್ಟೆ.

ತಲೆ ಕೆಡಿಸುವುದು ಸಮುವೇಲ. ಯೆಹೋವನನ್ನು ಬೇಡಿ ಪಡೆದೆ, ಅದಕ್ಕೇ ಈ ಹೆಸರು ಅನ್ನುತ್ತಾಳೆ ಅವನ ತಾಯಿ ಹನ್ನ (1 ಸಮುವೇಲ 1:20). ಬೇಡು ಎಂಬುದಕ್ಕೆ ಹೀಬ್ರೂ ಧಾತು ‘ಶಾಅಲ್’. ಆದರೆ ಮಗುವಿನ ಹೆಸರು ‘ಶೆಮೂಏಲ್’; ಅದರಲ್ಲಿ ಆ ಧಾತುವೇ ಇಲ್ಲ. ‘ದೇವರ ಹೆಸರು’ ಎಂಬಂಥ ಅರ್ಥವೇ ರೂಪಕ್ಕೆ ಹತ್ತಿರ. 28ನೇ ವಚನದಲ್ಲಿ ಅವಳು ಮಗುವನ್ನು ಒಪ್ಪಿಸುವಾಗ ಬರುವ ಪದ ‘ಶಾಊಲ್’, ಅಕ್ಷರಶಃ ಇಸ್ರಾಯೇಲಿನ ಮೊದಲ ಅರಸ ಸೌಲನ ಹೆಸರು! ಕನ್ನಡದಲ್ಲಿ ಶಕಾರ ಸಕಾರವಾಗಿರುವುದರಿಂದ ಈ ನಂಟು ನಮಗೆ ಕಾಣುವುದಿಲ್ಲ. ಈ ಕಥೆ ಮೊದಲು ಸೌಲನದೇ ಆಗಿತ್ತು ಎಂದ ವಿದ್ವಾಂಸರಿದ್ದಾರೆ. ನಾನು ಅಷ್ಟು ದೂರ ಹೋಗುವುದಿಲ್ಲ. 8ನೇ ಅಧ್ಯಾಯದಲ್ಲಿ ಜನ ಅರಸನನ್ನು ‘ಬೇಡುವಾಗ’ಲೂ ಇದೇ ಧಾತು ಬರುವುದರಿಂದ, ಬರೆದವನು ಬೇಕೆಂದೇ ದಾರ ಎಳೆದಿದ್ದಾನೆ ಅನ್ನುವುದು ನನ್ನ ಅಭಿಪ್ರಾಯ.

ಅಂದಿನಿಂದ ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಹಾಕಿದೆ: ಕಥೆ ಹೇಳುವ ಅರ್ಥ, ವ್ಯಾಕರಣ ಹೇಳುವ ಅರ್ಥ. ಒಂದರಿಂದ ಇನ್ನೊಂದನ್ನು ತಿದ್ದಲು ಹೋಗುವುದಿಲ್ಲ. ಮೋಶೆಯ ಸಾಲಿನಲ್ಲಿ ಒಂದು ಕಡೆ ‘ನೀರಿನಿಂದ ಎಳೆದೆ’, ಇನ್ನೊಂದು ಕಡೆ ಥುಟ್‌ಮೋಸ್ ಮುಂತಾದ ಈಜಿಪ್ಟಿನ ಹೆಸರುಗಳಲ್ಲಿರುವ ‘ಹುಟ್ಟಿದವನು’.

ಒಂದೇ ವ್ಯಕ್ತಿಯ ಹೆಸರು ಬೇರೆ ಪುಸ್ತಕದಲ್ಲಿ ಹೇಗಿದೆ ಎಂದೂ ನೋಡಬೇಕು. ಸೌಲನ ಮಗ 2 ಸಮುವೇಲದಲ್ಲಿ ಈಷ್ಬೋಶೆತ್, 1 ಪೂರ್ವಕಾಲವೃತ್ತಾಂತದಲ್ಲಿ ಎಷ್ಬಾಳ. ಅನ್ಯದೇವತೆಯಾದ ಬಾಳ್‌ನ ಹೆಸರು ನಾಲಿಗೆಗೆ ಬೇಡವೆಂದು ಆ ಜಾಗಕ್ಕೆ ‘ಬೋಶೆತ್’, ಅಂದರೆ ನಾಚಿಕೆ, ಸೇರಿಸಿದರು ಎಂಬುದು ಬಹುಮಂದಿ ಒಪ್ಪುವ ವಿವರಣೆ.

ಸಾಧ್ಯವಾದರೆ ಉತ್ಖನನದ ವರದಿಯನ್ನೂ ತೆರೆಯುತ್ತೇನೆ. 1982ರಲ್ಲಿ ಯೆರೂಸಲೇಮಿನ ದಾವೀದನ ಪಟ್ಟಣದಲ್ಲಿ ಸಿಕ್ಕ ಮಣ್ಣಿನ ಮುದ್ರೆಯೊಂದರಲ್ಲಿ ‘ಶಾಫಾನನ ಮಗ ಗೆಮರ್ಯಾಹುವಿನದು’ ಎಂದಿದೆ. ಯೆರೆಮೀಯ 36ರಲ್ಲಿ ಪ್ರವಾದಿಯ ಲಿಪಿಕಾರ ಬಾರೂಕನು ಅವನ ಮಾತುಗಳ ಸುರುಳಿಯನ್ನು ಓದಿದ್ದು ಶಾಫಾನನ ಮಗ ಗೆಮರ್ಯನ ಕೊಠಡಿಯಲ್ಲೇ. ನಮ್ಮ ಬೈಬಲಿನಲ್ಲಿ ಸವೆದುಹೋದ ‘ಯಾಹು’ ಆ ಮಣ್ಣಿನಲ್ಲಿ ಪೂರ್ತಿ ಉಳಿದಿದೆ.

ಈಗ ಮಗುವಿಗೆ ಹೆಸರು ಕೇಳಿಕೊಂಡು ಬರುವವರೂ ಇದ್ದಾರೆ. ಅರ್ಥದ ಜೊತೆಗೆ ಅಧ್ಯಾಯವನ್ನೂ ಓದಿಕೊಂಡು ಬನ್ನಿ ಅನ್ನುತ್ತೇನೆ. ದಾವೀದನ ಮಗ ಅಬ್ಷಾಲೋಮನ ಹೆಸರಿನಲ್ಲಿರುವುದು ‘ತಂದೆ’ ಮತ್ತು ‘ಸಮಾಧಾನ’. ಅವನು ಮಾಡಿದ್ದು ತಂದೆಯ ಮೇಲೇ ದಂಡಯಾತ್ರೆ.