ಕೇಸ್ ಮುಗಿದ ಮೇಲೆ ಐದು ನಿಮಿಷ: ಕ್ಯಾಜುವಾಲ್ಟಿಯವರು ಕೂಡಿ ಮಾತಾಡೋದು ಹೇಗೆ

ಹುಬ್ಬಳ್ಳಿ ಇರಲಿ, ಹಾವೇರಿ ಇರಲಿ, ಹೆದ್ದಾರಿ 48ರ ಅಪಘಾತದ ಕೇಸ್ ಐಸಿಯುಗೆ ಹೋಗುವಷ್ಟರಲ್ಲಿ ಬೆಳೆಗೆ ಹೊಡೆಯೋ ಎಣ್ಣೆ ಕುಡಿದವರು ಬಾಗಿಲಲ್ಲಿರುತ್ತಾರೆ. ಹಿಂದಿನದರಲ್ಲಿ ಎಲ್ಲಿ ತಡವಾಯ್ತು ಅಂತ ಯೋಚಿಸೋಕೆ ಪುರುಸೊತ್ತೇ ಇಲ್ಲ. ಆದರೂ ಐದು ನಿಮಿಷ ನಿಲ್ಲಿ. ಎಡಿನ್‌ಬರೋದ ಒಂದು ತುರ್ತು ವಿಭಾಗದವರು ಇದಕ್ಕೆ ‘ಸ್ಟಾಪ್ 5’ ಅಂತ ಹೆಸರಿಟ್ಟಿದ್ದಾರೆ. ಕೇಸ್ ಏನಿತ್ತು, ಯಾವುದು ಚೆನ್ನಾಗಾಯ್ತು, ಎಲ್ಲಿ ಸುಧಾರಿಸಬಹುದು, ಯಾರು ಏನು ಮಾಡಬೇಕು. ಇಷ್ಟೇ.

ಯಾವ ಕೇಸಿಗೆ ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ. ಸಿಪಿಆರ್, ಮಗುವಿನ ಸಾವು, ದೊಡ್ಡ ಅಪಘಾತ. ಜೊತೆಗೆ ಯಾರು ಕೇಳಿದರೂ, ವಾರ್ಡಿನ ಆಯಾಮ್ಮ ಕೇಳಿದರೂ, ಮಾಡಬೇಕು. ರೋಗಿಯ ಕಡೆಯವರ ಕಿವಿಗೆ ಬೀಳದ ಜಾಗ ಇರಲಿ.

ಎಲ್ಲಾ ನಿಂತಿರೋದು ಯಾರು ಮೊದಲು ಮಾತಾಡುತ್ತಾರೆ ಅನ್ನೋದರ ಮೇಲೆ. ದೊಡ್ಡ ಡಾಕ್ಟರು ಶುರು ಮಾಡಿದರೆ ಉಳಿದವರದು ಬರೀ ‘ಹೌದ್ರಿ ಸರ್’, ಅಲ್ವಾ? ಅದಕ್ಕೇ ಇಂಟರ್ನ್, ನರ್ಸ್, ಟ್ರಾಲಿ ತಳ್ಳಿದ ಹುಡುಗ ಮೊದಲು, ಸರ್ ಕೊನೆಗೆ. ಮಾತು ನಡೆಸೋಕೆ ಹಳೇ ಸಿಸ್ಟರ್ ಒಬ್ಬರು ಸಿಕ್ಕರೆ ಇನ್ನೂ ಒಳ್ಳೇದು. ‘ಯಾಕೆ ತಡ ಮಾಡಿದ್ರಿ?’ ಅನ್ನಬೇಡಿ. ‘ಅಟ್ರೋಪಿನ್ ಕೈಗೆ ಸಿಗೋಕೆ ಏನು ಅಡ್ಡ ಬಂತ್ರಿ ಸಿಸ್ಟರ್?’ ಅಂತ ಕೇಳಿ. ಆರ್ಗನೋಫಾಸ್ಫೇಟ್ (ಬೆಳೆಗೆ ಹೊಡೆಯೋ ಎಣ್ಣೆಯ ವಿಷ) ಕೇಸಿನಲ್ಲಿ ಎದೆಯ ಗೊರಗೊರ ನಿಲ್ಲೋವರೆಗೆ ಸುಮಾರು ಐದೈದು ನಿಮಿಷಕ್ಕೆ ಈ ಮದ್ದಿನ ಡೋಸ್ ದುಪ್ಪಟ್ಟು ಮಾಡುತ್ತಾ ಹೋಗಬೇಕಾಗುತ್ತದೆ, ಟ್ರಾಲಿಯಲ್ಲಿದ್ದ ಆಂಪೂಲ್‌ಗಳು ನೋಡನೋಡುತ್ತಲೇ ಖಾಲಿಯಾಗುತ್ತವೆ, ಆಗ ಸ್ಟೋರಿನ ಕೀಲಿಕೈ ಯಾರ ಹತ್ತಿರ ಇತ್ತು ಅನ್ನೋದು ಡಾಕ್ಟರಿಗಲ್ಲ, ಓಡಿದ ಹುಡುಗನಿಗೆ ಗೊತ್ತಿರುತ್ತದೆ.

ಕೊನೆಗೆ ಒಂದೇ ಕೆಲಸ ಹಿಡಿಯಿರಿ. ರಾತ್ರಿ ಪಾಳಿಗೆ ಅಟ್ರೋಪಿನ್ ಎಷ್ಟು ಹೊರಗಿಡಬೇಕು, ಯಾರು ಇಡಬೇಕು, ಯಾವತ್ತಿನಿಂದ, ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ರೋಗಿಯ ಹೆಸರು ಬೇಡ, ಕೇಸ್‌ಶೀಟಿನಲ್ಲಂತೂ ಬೇಡವೇ ಬೇಡ. ಮುಂದಿನ ವಾರ ಆ ಪುಟ ತೆಗೆದು ನೋಡಿ. ಹೀಗೆ ನೋಡದಿದ್ದರೆ ಅದು ಸುಮ್ನೆ ಹರಟೆ.

ಇಲ್ಲಿ ಆಡಿದ ಮಾತಿನ ಮೇಲೆ ಯಾರಿಗಾದರೂ ಮೆಮೊ ಹೋಯಿತೋ, ಮರುದಿನದಿಂದ ಯಾರೂ ಬಾಯಿ ಬಿಡುವುದಿಲ್ಲ. ಸಾವನ್ನು ಮನಸ್ಸಿಗೆ ಜಾಸ್ತಿ ಹಚ್ಚಿಕೊಂಡವರನ್ನು ಎಲ್ಲರೆದುರು ಕೆದಕಬೇಡಿ, ಡ್ಯೂಟಿ ಮುಗಿದ ಮೇಲೆ ಒಬ್ಬರು ಚಹಾಕ್ಕೆ ಕರೆದುಕೊಂಡು ಹೋಗಿ. ಗದ್ದಲ ಜಾಸ್ತಿ ಇದ್ದ ರಾತ್ರಿ ಬಿಟ್ಟುಬಿಡಬೇಡಿ, ಬೆಳಿಗ್ಗೆ ಹ್ಯಾಂಡೋವರ್‌ಗೆ ಮುಂಚೆ, ರಾತ್ರಿಯವರು ಬ್ಯಾಗ್ ಹೆಗಲಿಗೇರಿಸುವ ಮೊದಲೇ ಮುಗಿಸಿ.