ಮೂರು ಡ್ರೈವ್ ಬದಲಿಸಿದರೂ ಓದದ ಡಿವಿಡಿ: ನನ್ನ ಅನುಭವ

ಕಳೆದ ಮಳೆಗಾಲದಲ್ಲಿ ನನ್ನ ಅಂಗಡಿಗೆ ಬಂದ ಒಂದು ಹಳೆಯ ಲ್ಯಾಪ್‌ಟಾಪಿಗೆ ಮೂರು ಬೇರೆ ಬೇರೆ ಡಿವಿಡಿ ಡ್ರೈವ್ ಹಾಕಿ ನೋಡಿದ್ದಾಯಿತು, ಮೂರರಲ್ಲಿಯೂ ತೊಂದರೆ ಒಂದೇ ಆಗಿತ್ತು. ಮದರ್‌ಬೋರ್ಡ್ ಹೋಗಿದೆ, ಕೈಬಿಡು ಎಂದು ಶಿವಮೊಗ್ಗದ ಇಬ್ಬರು ಸ್ನೇಹಿತರು ಫೋನಿನಲ್ಲಿಯೇ ತೀರ್ಪು ಕೊಟ್ಟಿದ್ದರು. ಆ ಯಂತ್ರ ಈಗ ದಿನಕ್ಕೆ ಹತ್ತು ಹದಿನೈದು ಡಿಸ್ಕ್ ಓದುತ್ತಿರುವುದರಿಂದ, ಇದೇ ಕೆಲಸ ಮಾಡುವವರಿಗೆ ಉಪಯೋಗವಾಗಲೆಂದು ನಡೆದದ್ದನ್ನು ಬರೆಯುತ್ತಿದ್ದೇನೆ.

ಲ್ಯಾಪ್‌ಟಾಪ್ ತೀರ್ಥಹಳ್ಳಿ ಸಮೀಪದ ಒಬ್ಬ ಸ್ಟುಡಿಯೋ ಮಾಲೀಕರದು. ಅವರ ಬೀರುವಿನಲ್ಲಿ ಮದುವೆ, ಉಪನಯನ, ಗೃಹಪ್ರವೇಶಗಳ ಡಿವಿಡಿಗಳು ಮುನ್ನೂರರ ಮೇಲಿವೆ. ತೀರಿಹೋದ ಹಿರಿಯರ ಮುಖ ನೋಡಬೇಕೆಂದು ಜನರು ಇಂದಿಗೂ ಬಂದು ಪ್ರತಿ ಕೇಳುತ್ತಾರೆ. ಯಂತ್ರದಲ್ಲಿ ಆಡಿಯೊ ಸಿಡಿ ಚೆನ್ನಾಗಿಯೇ ಹಾಡುತ್ತಿತ್ತು. ಡಿವಿಡಿ ಹಾಕಿದರೆ ಮಾತ್ರ ಎರಡು ಮೂರು ಬಾರಿ ಜೋರಾಗಿ ತಿರುಗಿ, ಟಿಕ್ ಎಂದು ಸದ್ದು ಮಾಡಿ ನಿಂತುಬಿಡುತ್ತಿತ್ತು.

ಮೊದಲು ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತಿನೊಂದಿಗೆ, ಡ್ರೈವರ್ ಲೋಡ್ ಆಗಿಲ್ಲವೆನ್ನುವ ಕೋಡ್ 39 ಕಾಣಿಸಿತು. ವಿಂಡೋಸಿನ ಸೆಟ್ಟಿಂಗುಗಳಿರುವ ರಿಜಿಸ್ಟ್ರಿಯಲ್ಲಿ ಅಪ್ಪರ್ ಫಿಲ್ಟರ್ಸ್, ಲೋಯರ್ ಫಿಲ್ಟರ್ಸ್ ಎಂಬ ಎರಡು ನಮೂದುಗಳನ್ನೂ ಅಳಿಸಿದ ಮೇಲೆ ಹಳದಿ ಗುರುತು ಹೋಯಿತಾದರೂ ಡಿವಿಡಿ ಓದಲಿಲ್ಲ. ಸಿಡಿಗೆ 780, ಡಿವಿಡಿಗೆ 650 ನ್ಯಾನೊಮೀಟರಿನ ಬೇರೆ ಬೇರೆ ಲೇಸರ್ ಇರುವುದರಿಂದ, ಒಂದು ಓದಿ ಇನ್ನೊಂದು ಓದದಿದ್ದಾಗ ಎಲ್ಲರಂತೆ ನಾನೂ ಲೇಸರನ್ನೇ ದೂರಿದೆ. ಲೆನ್ಸನ್ನು ಐಸೊಪ್ರೊಪಿಲ್ ಆಲ್ಕೋಹಾಲಿನಲ್ಲಿ ಒರೆಸಿದೆ. ಅದೂ ಸಾಲದೆ ಲೇಸರ್, ಲೆನ್ಸ್ ಕೂತಿರುವ ಪಿಕಪ್ಪಿನ ಮೇಲೆ ಲೇಸರಿನ ಶಕ್ತಿ ಹೊಂದಿಸುವ ಸಣ್ಣ ಪ್ರೀಸೆಟ್ಟನ್ನು ಕೂದಲೆಳೆಯಷ್ಟು ತಿರುಗಿಸಿದೆ. ಅಲ್ಲಿಗೆ ಆ ಡ್ರೈವ್ ಸಿಡಿಯನ್ನೂ ಓದುವುದನ್ನು ನಿಲ್ಲಿಸಿತು. ಅದನ್ನು ಮುಟ್ಟಬಾರದಿತ್ತು, ಯಾರೂ ಮುಟ್ಟಬೇಡಿ.

ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ತರಿಸಿದ ಮೊದಲ ಡ್ರೈವ್ 9.5 ಮಿ.ಮೀ. ದಪ್ಪದ್ದಾಗಿತ್ತು. ನನಗೆ ಬೇಕಿದ್ದದ್ದು 12.7. ಅಳತೆ ಹೇಳದೆ ಆರ್ಡರ್ ಕೊಟ್ಟದ್ದು ನನ್ನದೇ ತಪ್ಪು, 850 ರೂಪಾಯಿ ಹೋಯಿತು. ಆದರೂ ಎರಡಕ್ಕೂ ಕನೆಕ್ಟರ್ ಒಂದೇ ಆದ್ದರಿಂದ ಸಡಿಲವಾಗಿಯೇ ತೂರಿಸಿ ನೋಡಿದೆ, ಅದರಲ್ಲಿಯೂ ಅದೇ ಟಿಕ್. ಎಕ್ಸ್‌ಟರ್ನಲ್ ಡ್ರೈವಿಗೆ 1,400 ಕೊಟ್ಟೆ. ಆ ಹಳೆಯ ಯು.ಎಸ್‌.ಬಿ. ಪೋರ್ಟು ಕೊಡುವುದು 500 ಮಿಲಿಆಂಪಿಯರ್, ತಿರುಗಲು ಹೊರಡುವಾಗ ಡ್ರೈವ್ ಕೇಳುವುದು ಅದರ ದುಪ್ಪಟ್ಟಿಗೂ ಹೆಚ್ಚು. ಎರಡು ಪೋರ್ಟಿಗೆ ಚುಚ್ಚುವ ಕೇಬಲ್ ತಂದರೂ ಅದು ಅರ್ಧದಲ್ಲಿಯೇ ನಿಲ್ಲುತ್ತಿತ್ತು. ಕೊನೆಗೆ ಸರಿಯಾದ ಅಳತೆಯ ಹೊಸ ಡ್ರೈವನ್ನು ಸುಮಾರು 1,100ಕ್ಕೆ ತರಿಸಿ, ಹಿಂದಿನ ಬ್ರಾಕೆಟ್ಟಿನ ಎರಡು ಸ್ಕ್ರೂ ಮತ್ತು ಮುಂದಿನ ಪ್ಲಾಸ್ಟಿಕ್ ಮುಖವಾದ ಬೆಜೆಲ್ಲನ್ನು ಹಳೆಯದರಿಂದ ಬಿಚ್ಚಿ ಹಾಕಿದೆ. ಬೆಜೆಲ್ಲಿನ ಒಂದು ಕೊಂಡಿ ಮುರಿದು, ಅದನ್ನು ಅಂಟಿಸುವುದಕ್ಕೆ ಒಂದು ಸಂಜೆ ಹಿಡಿಯಿತು. ಹೊಸ ಡ್ರೈವಿನಲ್ಲಿಯೂ ಡಿವಿಡಿ ಓದಲಿಲ್ಲ.

ಈ ನಡುವೆ ನನ್ನನ್ನು ಎರಡು ದಿನ ದಾರಿ ತಪ್ಪಿಸಿದ ಒಂದು ಪ್ರಯೋಗವನ್ನು ಹೇಳಲೇಬೇಕು. ಡ್ರೈವಿನ ಜಾಗಕ್ಕೆ, ಅದೇ ಅಳತೆಯ ಚೌಕಟ್ಟಾದ ಕ್ಯಾಡಿಯಲ್ಲಿ ಒಂದು ಎಸ್‌.ಎಸ್‌.ಡಿ. ಇಟ್ಟು ನೋಡಿದಾಗ ಅದು ಗಂಟೆಗಟ್ಟಲೆ ಒಂದೂ ತಪ್ಪಿಲ್ಲದೆ ಓಡಿತು. ಹಾಗಾಗಿ ಬೋರ್ಡ್ ಸರಿಯಿದೆ, ಮೂರು ಡ್ರೈವುಗಳೂ ಕೆಟ್ಟಿವೆ ಎಂದು ತಿಳಿದೆ. ಎಸ್‌.ಎಸ್‌.ಡಿ.ಯಲ್ಲಿ ತಿರುಗುವ ಮೋಟಾರ್ ಇಲ್ಲ, ಅದಕ್ಕೆ ಬೇಕಾದ ವಿದ್ಯುತ್ತು ಕಡಿಮೆ ಎಂಬುದು ಆಗ ಹೊಳೆಯಲೇ ಇಲ್ಲ.

ಸುಳಿವು ಸಿಕ್ಕಿದ್ದು ಸುಮ್ಮನೆ ಕುಳಿತು ಪರದೆ ನೋಡುತ್ತಿದ್ದಾಗ. ಟಿಕ್ ಎಂದ ಕ್ಷಣದಲ್ಲಿ ಮೈ ಕಂಪ್ಯೂಟರಿನಿಂದ ಡ್ರೈವಿನ ಚಿಹ್ನೆಯೇ ಮಾಯವಾಗಿ, ಐದಾರು ಸೆಕೆಂಡಿನ ಬಳಿಕ ಮತ್ತೆ ಬರುತ್ತಿತ್ತು. ಲೇಸರ್ ಸೋತ ಡ್ರೈವ್ ಡಿಸ್ಕ್ ಇಲ್ಲವೆಂದು ಹೇಳುತ್ತದೆಯೇ ಹೊರತು ತಾನೇ ಕಾಣೆಯಾಗುವುದಿಲ್ಲ. ಕಾಣೆಯಾಗುವುದು ಕರೆಂಟು ಸಾಲದೆ ರೀಸೆಟ್ ಆದಾಗ. ಪೆನ್‌ಡ್ರೈವಿನಿಂದ ಲಿನಕ್ಸ್ ಹಾಕಿ, ಇಜೆಕ್ಟ್ ಕಮಾಂಡಿನ ಎಕ್ಸ್ ಆಯ್ಕೆಯಿಂದ ಡಿಸ್ಕಿನ ವೇಗವನ್ನು ಎರಡಕ್ಕೆ ಇಳಿಸಿದೆ, ನಿಧಾನ ತಿರುಗಿದರೆ ಕರೆಂಟು ಕಡಿಮೆ ಸಾಕು. ಮೂರು ವಾರಗಳಲ್ಲಿ ಮೊದಲ ಬಾರಿಗೆ ಡಿವಿಡಿಯ ಫೈಲುಗಳ ಪಟ್ಟಿ ಪರದೆಯ ಮೇಲೆ ಬಂದಿತು. ರಾತ್ರಿ ಹನ್ನೊಂದಾಗಿತ್ತು, ಶಿವಮೊಗ್ಗದ ಸ್ನೇಹಿತರಿಗೆ ಆಗಲೇ ಫೋನ್ ಮಾಡಿದೆ.

ಮರುದಿನ ಕೆಳಗಿನ ಕವಚ ಪೂರ್ತಿ ಬಿಚ್ಚಿದೆ. ಈ ಮಾದರಿಯಲ್ಲಿ ಡ್ರೈವಿನ ಕನೆಕ್ಟರ್ ಇರುವುದು ಮದರ್‌ಬೋರ್ಡಿನ ಮೇಲಲ್ಲ, ಹೆಬ್ಬೆರಳಿನಷ್ಟು ಅಗಲದ ಒಂದು ಪ್ರತ್ಯೇಕ ಬೋರ್ಡಿನ ಮೇಲೆ. ಸ್ಲಿಮ್ ಸಾಟಾ ಎಂಬ ಈ ಕನೆಕ್ಟರಿನ ವಿದ್ಯುತ್ ಭಾಗದಲ್ಲಿರುವ ಆರು ಪಿನ್ನುಗಳಲ್ಲಿ ಎರಡು ಮಾತ್ರ 5 ವೋಲ್ಟಿನವು, ಎರಡು ಗ್ರೌಂಡ್. ಭೂತಗನ್ನಡಿ ಹಿಡಿದು ನೋಡಿದರೆ 5 ವೋಲ್ಟಿನ ಒಂದು ಪಿನ್ನಿನ ಬುಡದಲ್ಲಿ ಹಸಿರು ಕಿಲುಬು ಹಬ್ಬಿ, ಬೆಸುಗೆಯ ಸುತ್ತ ಉಗುರಿನ ಗೀರಿನಂಥ ಬಿರುಕು ಬಿಟ್ಟಿತ್ತು. ಬಟ್ಟೆಯೇ ವಾರಗಟ್ಟಲೆ ಒಣಗದ ನಮ್ಮ ಮಲೆನಾಡಿನ ಆಷಾಢದಲ್ಲಿ ಇದು ಆಶ್ಚರ್ಯವಲ್ಲ. ಡಿಸ್ಕ್ ತಿರುಗುವಾಗ ಅಳೆದರೆ ಮದರ್‌ಬೋರ್ಡಿನ ಕಡೆ 5 ವೋಲ್ಟ್ ಸರಿಯಾಗಿದ್ದು, ಕನೆಕ್ಟರಿನ ಕಡೆ ಸುಮಾರು 4.3ಕ್ಕೆ ಕುಸಿಯುತ್ತಿತ್ತು. ಒಂದೂವರೆ ಆಂಪಿಯರ್ ಹರಿಯುವಲ್ಲಿ ಅರ್ಧ ಓಮಿನಷ್ಟು ತಡೆ ಬಿದ್ದರೂ ಅಷ್ಟೇ ಸಾಕು. ಡ್ರೈವ್ ಬಿಚ್ಚಿಟ್ಟು ಅಳೆದರೆ ಈ ಕುಸಿತ ಮಲ್ಟಿಮೀಟರಿನಲ್ಲಿ ಕಾಣುವುದಿಲ್ಲ, ಓಡುತ್ತಿರುವಾಗಲೇ ಅಳೆಯಬೇಕು.

ಕಿಲುಬನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದು, ಆರು ಪಿನ್ನುಗಳಿಗೂ ಹೊಸ ಬೆಸುಗೆ ಹಾಕಿದೆ. ವೋಲ್ಟೇಜ್ 4.6ಕ್ಕೆ ಏರಿತು, ಸಾಲಲಿಲ್ಲ. ಎರಡು ಬೋರ್ಡುಗಳನ್ನು ಕೂಡಿಸುವ ಪಟ್ಟಿಯೇ ಸವೆದಿದ್ದರಿಂದ 5 ವೋಲ್ಟಿಗೊಂದು, ಗ್ರೌಂಡಿಗೊಂದು ಎನಾಮೆಲ್ ತಂತಿಯನ್ನು ನೇರವಾಗಿ ಎಳೆದೆ. ಮದರ್‌ಬೋರ್ಡಿನಲ್ಲಿ ಯಾವ ಬಿಂದುವಿನಿಂದ ಎಳೆದೆನೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಹುಡುಕುವುದಕ್ಕೇ ನನಗೆ ಎರಡು ದಿನ ಹಿಡಿದಿದೆ. ಯು.ಎಸ್‌.ಬಿ. ಪೋರ್ಟಿನ ಪಿನ್ನಿನಿಂದ ಮಾತ್ರ ಎಳೆಯಬೇಡಿ, ಅಲ್ಲಿ ಮಿತಿಯಿದೆ. ಈಗ ಪೂರ್ಣ ವೇಗದಲ್ಲಿಯೂ 4.9ಕ್ಕಿಂತ ಕೆಳಗಿಳಿಯುವುದಿಲ್ಲ.

ಒಟ್ಟು ಖರ್ಚು ನಾಲ್ಕು ಸಾವಿರದ ಹತ್ತಿರ, ನಾನು ಪಡೆದದ್ದು 1,800. ಉಳಿದದ್ದು ಕಲಿತದ್ದಕ್ಕೆ ಕೊಟ್ಟ ಶುಲ್ಕವೆಂದುಕೊಂಡಿದ್ದೇನೆ, ಏಕೆಂದರೆ ಆ ಬಳಿಕ ಇದೇ ರೀತಿ ಬಂದ ಎರಡು ಲ್ಯಾಪ್‌ಟಾಪುಗಳನ್ನು ಹೊಸ ಡ್ರೈವ್ ತರಿಸದೆಯೇ ಒಂದೊಂದು ಗಂಟೆಯಲ್ಲಿ ಮುಗಿಸಿದೆ. ಮುಂದಿನ ಮಳೆಗೆ ತೇವ ಕೂರದಂತೆ ಆ ಬೋರ್ಡಿನ ಮೇಲೆ ಏನು ಬಳಿದಿದ್ದೇನೆಂಬುದನ್ನು ಅಂಗಡಿಗೆ ಬಂದವರಿಗೆ ತೋರಿಸುತ್ತೇನೆ.

ಸ್ಟುಡಿಯೋ ಮಾಲೀಕರು ಇದುವರೆಗೆ ಇನ್ನೂರಕ್ಕೂ ಹೆಚ್ಚು ಡಿಸ್ಕುಗಳನ್ನು ಹಾರ್ಡ್ ಡಿಸ್ಕಿಗೆ ಇಳಿಸಿಕೊಂಡಿದ್ದಾರೆ. ಅಂಚಿನಲ್ಲಿ ಬೂಸಲು ಹಿಡಿದ ಹನ್ನೊಂದು ಡಿಸ್ಕುಗಳು ನನ್ನ ಮೇಜಿನ ಮೇಲಿವೆ. ಅವನ್ನು, ಕೆಟ್ಟ ಡಿಸ್ಕಿನಿಂದ ಸಿಕ್ಕಷ್ಟನ್ನು ಎತ್ತುವ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಹಾಕಿ ರಾತ್ರಿಯಿಡೀ ನಿಧಾನವಾಗಿ ಓದಿಸುತ್ತಿದ್ದೇನೆ, ನಾಲ್ಕು ಪೂರ್ತಿ ಬಂದಿವೆ.