ಕೊನೇತನಕ ಇರಲು ಬರುವ ನಾಯಿ-ಬೆಕ್ಕು: ನಾವು ನಡೆಸುವ ಕ್ರಮ

ದತ್ತು ಕೊಡುವ ಕೇಂದ್ರಕ್ಕೆ ಇಂದು ಬಂದ ನಾಯಿ ಮುಂದಿನ ತಿಂಗಳು ಯಾರದೋ ಮನೆ ಸೇರಬಹುದು. ನಮ್ಮದು ಕೊನೇತನಕ ಸಾಕುವ ತಾಣ, ಇಲ್ಲಿಗೆ ಬಂದದ್ದು ಹೋಗುವುದಿಲ್ಲ. ಎರಡು ವರ್ಷದ ನಾಯಿಯನ್ನು ಒಳಗೆ ಬಿಟ್ಟುಕೊಂಡ ದಿನವೇ ಹತ್ತು ವರ್ಷದ ಊಟ, ಔಷಧಿ, ಮುಪ್ಪಿನ ಆರೈಕೆ ಲೆಕ್ಕಕ್ಕೆ ಬಂತು. ಬೆಕ್ಕಾದರೆ ಇನ್ನೂ ಹೆಚ್ಚು. ಹಾಗಾಗಿ ನಾವು ಮೊದಲು ಎಣಿಸುವುದು ಕೋಣೆಗಳನ್ನಲ್ಲ, ಕೆಲಸದ ಕೈಗಳನ್ನು. ಉಣಿಸಿ, ಹೊಲಸು ಬಳಿದು ತೆಗೆದು, ತೊಳೆಯಲು ಒಂದಕ್ಕೆ ದಿನಕ್ಕೆ 15 ನಿಮಿಷ ಹಿಡಿದರೂ 30 ಪ್ರಾಣಿಗೆ ಏಳೂವರೆ ಗಂಟೆ. ಔಷಧಿ ಕುಡಿಸುವುದು, ಮೈ ಸವರಿ ಉಣ್ಣಿ-ಗಾಯ ನೋಡುವುದು ಬೇರೆ. ಎಷ್ಟು ಪ್ರಾಣಿ ಇಟ್ಟುಕೊಳ್ಳಬಹುದೆಂದು ಈ ಲೆಕ್ಕದಿಂದ ಬಂದ ಸಂಖ್ಯೆ ಬಾಗಿಲಿಗೇ ಅಂಟಿಸಿದೆ. "ಇದೊಂದನ್ನು ಇಟ್ಟುಕೊಳ್ಳಿ" ಎಂದು ಗೋಗರೆಯುವವರಿಗೆ ಅದನ್ನೇ ತೋರಿಸುತ್ತೇವೆ.

ಹೊಸದಾಗಿ ಬಂದದ್ದಕ್ಕೆ 14 ದಿನ ಪ್ರತ್ಯೇಕ ಕೋಣೆ. ನಾಯಿಯ ಕರುಳು ಕೆಡಿಸುವ ವೈರಸ್ ರೋಗ ಪಾರ್ವೊ ತಗುಲಿದ್ದರೆ ಸಾಮಾನ್ಯವಾಗಿ ವಾರದೊಳಗೆ ವಾಂತಿ-ಭೇದಿ ಶುರುವಾಗುತ್ತದೆ. ನಾಯಿಗಳ ಇನ್ನೊಂದು ವೈರಸ್ ರೋಗ ಡಿಸ್ಟೆಂಪರ್ ನಿಧಾನ, ಹಾಗಾಗಿ ಕಣ್ಣಲ್ಲಿ ಪಿಸರು, ಮೂಗಲ್ಲಿ ಸಿಂಬಳ ಇದ್ದರೆ 14 ದಿನ ಕಳೆದರೂ ಹೊರಗೆ ಬಿಡುವುದಿಲ್ಲ. ಆ ಕೋಣೆಗೆ ಬೇರೆ ಪೊರಕೆ, ಬೇರೆ ಬಟ್ಟಲು, ಬೇರೆ ಚಪ್ಪಲಿ. ಎಲ್ಲರೂ ಮರೆಯುವುದು ಚಪ್ಪಲಿಯನ್ನೇ. ದಿನದ ಕೆಲಸದಲ್ಲಿ ಮರಿಗಳ ಕೋಣೆ ಮೊದಲು, ಪ್ರತ್ಯೇಕ ಕೋಣೆ ಕೊನೆಗೆ. ಲಸಿಕೆ ಮತ್ತು ಜಂತುಹುಳುವಿನ ಔಷಧಿ ಬಂದ ದಿನವೇ. ಮರಿಗಳಿಗೆ 16 ವಾರ ತುಂಬುವವರೆಗೂ 2ರಿಂದ 4 ವಾರಕ್ಕೊಮ್ಮೆ ಲಸಿಕೆ ಮತ್ತೆ ಹಾಕಿಸಬೇಕು. ತಾಯಿಯಿಂದ ಬಂದ ರೋಗನಿರೋಧಕ ಶಕ್ತಿ ಲಸಿಕೆಯ ಕೆಲಸಕ್ಕೆ ಅಡ್ಡ ಬರುತ್ತದೆ, ಅದು ಯಾವ ವಾರ ಇಳಿಯಿತೆಂದು ಮರಿಯನ್ನು ನೋಡಿ ಹೇಳಲಾಗದು.

ತೊಳೆಯುವಾಗ ಆಗುವ ದೊಡ್ಡ ತಪ್ಪು, ಹೊಲಸಿನ ಮೇಲೆಯೇ ಬ್ಲೀಚ್ ಸುರಿಯುವುದು. ಮಲ, ಕೂದಲು, ಅನ್ನದ ಅಗುಳು ಬ್ಲೀಚಿನ ಶಕ್ತಿಯನ್ನೇ ತಿಂದುಹಾಕುತ್ತವೆ. ವಾಸನೆ ಹೋಗುತ್ತದೆ, ವೈರಸ್ ಉಳಿಯುತ್ತದೆ. ಮೊದಲು ಹೊಲಸು ಬಳಿದು ತೆಗೆದು, ಸೋಪುನೀರಲ್ಲಿ ಉಜ್ಜಿ, ತೊಳೆದ ನೆಲಕ್ಕೆ ಮನೆಬಳಕೆಯ ಬ್ಲೀಚ್ 1 ಪಾಲು, ನೀರು 30 ಪಾಲು. ಹತ್ತು ನಿಮಿಷ ನೆಲ ಒದ್ದೆಯಾಗಿಯೇ ಇರಬೇಕು, ಆಮೇಲೆ ತೊಳೆದು ಒಣಗಿಸಬೇಕು. ಅಂದಂದಿಗೆ ಬೇಕಾದಷ್ಟನ್ನೇ ಕಲಸಿಕೊಳ್ಳುತ್ತೇವೆ. ಮಣ್ಣಿನಂಗಳಕ್ಕೆ ಇದು ನಾಟುವುದಿಲ್ಲ, ಪಾರ್ವೊ ಅಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಅದಕ್ಕೇ ಲಸಿಕೆ ಮುಗಿಯದ ಮರಿಗಳು ಸಿಮೆಂಟ್ ನೆಲದ ಮೇಲೆಯೇ. ಫಿನಾಯಿಲ್ ಬೆಕ್ಕಿನ ಕೋಣೆಯ ಹತ್ತಿರವೂ ಸುಳಿಯಬಾರದು: ಪಾದಕ್ಕೆ ಅಂಟಿದ್ದನ್ನು ಬೆಕ್ಕು ನೆಕ್ಕುತ್ತದೆ, ಅದರ ಪಿತ್ತಜನಕಾಂಗಕ್ಕೆ ಆ ವಿಷ ಕರಗಿಸಲು ಬಾರದು.

ನಾಯಿಗಳ ಜಗಳಕ್ಕೆ ಮುಖ್ಯ ಕಾರಣ ಊಟ. ಅಂಗಳಕ್ಕೆ ನಾಲ್ಕೈದೇ ನಾಯಿ. ಉಣ್ಣುವಾಗ ಒಂದೊಂದನ್ನೂ ಬೇರೆ ಬೇರೆ ಕೂಡಿಹಾಕಿ, ಹದಿನೈದು ನಿಮಿಷಕ್ಕೆ ಬಟ್ಟಲು ಎತ್ತಿಡುತ್ತೇವೆ. ಸಂತಾನಹರಣ ಎಲ್ಲಕ್ಕೂ ಆಗಬೇಕು. ಗಂಡುನಾಯಿಗೆ ಆಪರೇಷನ್ ಆದ ಮೇಲೂ ಕೆಲವು ವಾರ ಹೆಣ್ಣನ್ನು ಗಬ್ಬವಾಗಿಸುವ ಸಾಧ್ಯತೆ ಇರುತ್ತದೆ, ಆಪರೇಷನ್ ಆಗದ ಹೆಣ್ಣಿನ ಜೊತೆ ಬಿಡಬಾರದು.

ಬೆಕ್ಕಿನ ಕಷ್ಟವೇ ಬೇರೆ, ಅದು ಕಾಯಿಲೆಯನ್ನು ಮುಚ್ಚಿಡುತ್ತದೆ. ಒಂದೇ ತಟ್ಟೆಯಲ್ಲಿ ಐದು ಬೆಕ್ಕಿಗೆ ಹಾಕಿದರೆ ಯಾವುದು ತಿನ್ನಲಿಲ್ಲ ಎಂಬುದು ಗೊತ್ತೇ ಆಗದು. ಎರಡು ಮೂರು ದಿನ ಉಪವಾಸವಿದ್ದರೆ, ಅದೂ ದಪ್ಪಗಿನ ಬೆಕ್ಕಾದರೆ, ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಕುತ್ತು. ಆದ್ದರಿಂದ ತಲೆಗೊಂದು ಬಟ್ಟಲು. ಮಲದ ಟ್ರೇ ಬೆಕ್ಕುಗಳಿಗಿಂತ ಒಂದು ಹೆಚ್ಚು, ಊಟದಿಂದ ದೂರ. ಗಂಡುಬೆಕ್ಕು ಟ್ರೇಯಲ್ಲಿ ಕೂತು ತಿಣುಕುತ್ತಾ ಒಂದು ಹನಿಯೂ ಬರದಿದ್ದರೆ ಅದನ್ನು ಮಲಬದ್ಧತೆ ಎಂದುಕೊಂಡು ಕಾಯಬಾರದು. ಮೂತ್ರ ಕಟ್ಟಿರುತ್ತದೆ, ಆ ಗಳಿಗೆಯೇ ವೈದ್ಯರ ಬಳಿಗೆ ಒಯ್ಯಬೇಕು.

ತಿಂಗಳ ಮೊದಲ ದಿನ ಎಲ್ಲಕ್ಕೂ ತೂಕ, ಬೆಕ್ಕುಗಳಿಗೆ ಕೂಸು ತೂಗುವ ತಕ್ಕಡಿ. ನಾಲ್ಕು ಕಿಲೋ ಬೆಕ್ಕು 400 ಗ್ರಾಂ ಇಳಿದರೂ ತುಪ್ಪಳದಡಿ ಕಾಣುವುದಿಲ್ಲ. ಹತ್ತನೇ ಒಂದು ಪಾಲು ಇಳಿದದ್ದು ಪುಸ್ತಕದಲ್ಲಿ ಕಂಡರೆ ಅದೇ ವಾರ ಹಲ್ಲು ನೋಡಿಸಿ, ಮೂತ್ರಪಿಂಡದ ರಕ್ತಪರೀಕ್ಷೆ ಮಾಡಿಸುತ್ತೇವೆ.